ದಾಕ್ಷಾಯಣಮ್ಮನ ವಿಯೆನ್ನಾ ಸಿದ್ಧತೆ

೨೦೦೩ನೇ ಇಸವಿ ಫೆಬ್ರವರಿ ೧೧, ಮಂಗಳವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಧ್ಯಾಹ್ನ ನಾಲ್ಕು ಹನಿ ಬಿದ್ದು, ಅಂಗಳದ ಧೂಳಿನ ಮೇಲೆ ಗುರುತು ಮಾಡಿ ನಿಂತುಹೋಯಿತು. ಸಂಜೆಗೆ ಮತ್ತೆ ಬಿಸಿಲು.

ಆ ಸಂಜೆ ಹಗರಿಬೊಮ್ಮನಹಳ್ಳಿಯ ಪಂಪ್‌ಸೆಟ್ ವ್ಯಾಪಾರಿ ಗಂಗಾಧರ್ ಹೊತ್ತಿಗೆ ಮುಂಚೆಯೇ ಅಂಗಡಿ ಮುಚ್ಚಿ ಮನೆಗೆ ಬಂದರು. ಹೆಚ್ಚು ಮೋಟಾರು ಮಾರಿದವರಿಗೆ ಕಂಪನಿ ಕೊಡುವ ಬಹುಮಾನ ಈ ಸಲ ಅವರ ಪಾಲಿಗೆ ಬಂದಿತ್ತು. ಮೇ ತಿಂಗಳಲ್ಲಿ ಯುರೋಪಿನ ವಿಯೆನ್ನಾ ಪಟ್ಟಣಕ್ಕೆ ಐದು ದಿನಗಳ ಪ್ರವಾಸ. ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ.

ದಾಕ್ಷಾಯಣಮ್ಮ ಶೇಂಗಾ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು. ಅವರಿಗೆ ಹೆತ್ತ ಮಕ್ಕಳಿರಲಿಲ್ಲ. ಮನೆಯಲ್ಲಿ ಬೆಳೆಯುತ್ತಿದ್ದ ಮರುಳಸಿದ್ಧ ಮತ್ತು ನೀಲಾಂಬಿಕೆ, ಗಂಗಾಧರರ ತಂಗಿ ವಾಣಿಶ್ರೀಯ ಮಕ್ಕಳು. ನೀಲಿ ಇನ್ನೂ ಮೊಲೆಯುಣ್ಣುವ ಕೂಸಾಗಿದ್ದಾಗ ವಾಣಿಶ್ರೀಯ ಗಂಡ ತೀರಿಕೊಂಡಿದ್ದ. ಮುಂದಿನ ವರ್ಷ ಅವಳಿಗೆ ಹಲವಾಗಲಿನ ಶಾಲೆಯಲ್ಲಿ ನೌಕರಿಯಾಯಿತು. ಹೊಳೆದಂಡೆಯ ಆ ಊರಲ್ಲಿ ಒಬ್ಬಳೇ ಕೋಣೆ ಹಿಡಿದುಕೊಂಡು, ಶನಿವಾರ ಸಂಜೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದಳು. ಓಣಿಯವರೆಲ್ಲ ಅವಳನ್ನು ವಾಣಕ್ಕ ಎನ್ನುತ್ತಿದ್ದರು. ಅದನ್ನೇ ಕೇಳಿ ಬೆಳೆದ ಮಕ್ಕಳೂ ವಾಣಕ್ಕ ಎಂದೇ ಕರೆದರು. ಎಣ್ಣೆ ಹಚ್ಚಿ ಎರೆದು, ತುತ್ತು ಮಾಡಿ ಉಣ್ಣಿಸಿದ ದಾಕ್ಷಾಯಣಮ್ಮನೇ ಅವರಿಗೆ ಅವ್ವ. ಗಂಗಾಧರ್ ಮಾತ್ರ ಮೊದಲಿನಿಂದಲೂ ಮಾಮ. ಅವ್ವನ ಗಂಡ ಮಾಮ ಹೇಗಾದನೆಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಇಂಥ ವಾಡಿಕೆ ಆ ಕಡೆಯ ಕೂಡುಮನೆಗಳಲ್ಲಿ ಹೊಸದೂ ಅಲ್ಲ.

ಆದರೂ ಓಣಿಯ ಹೆಂಗಸರು ಮಾತಿಗೆ ಮಾತು ಬಂದಾಗ, ‘ಎಷ್ಟಾದರೂ ವಾಣಕ್ಕನ ಕೂಸುಗಳು’ ಎಂದುಬಿಡುತ್ತಿದ್ದರು. ವಿಯೆನ್ನಾದಲ್ಲಿ ಹಾಗೆನ್ನುವವರು ಯಾರೂ ಇರುವುದಿಲ್ಲ. ಐದು ದಿನ ತಾನು ಈ ಎರಡು ಮಕ್ಕಳ ತಾಯಿಯಾಗಿ, ಯಾರ ಬಾಯಿಗೂ ಸಿಗದೆ ಬೀದಿಯಲ್ಲಿ ನಡೆಯಬಹುದು. ದಾಕ್ಷಾಯಣಮ್ಮ ಇದನ್ನು ಗಂಡನಿಗೂ ಹೇಳಲಿಲ್ಲ.

ಮಾರನೆಯ ದಿನದಿಂದಲೇ ಸಿದ್ಧತೆ ನಡೆಯಿತು. ಕಂಪನಿ ಕಳಿಸಿದ ನಕಾಶೆಯನ್ನು ಅವರು ಅಡಿಗೆಮನೆಯ ಗೋಡೆಗೆ ಅಂಟಿಸಿದರು. ಮಧ್ಯಾಹ್ನ ಉಂಡೊಡನೆ ನೀಲಿಗೆ ನಿದ್ದೆ ಬರುವುದರಿಂದ ಪ್ರಾಣಿಸಂಗ್ರಹಾಲಯ ಬೆಳಿಗ್ಗೆ. ಜಾತ್ರೆಯ ತೊಟ್ಟಿಲಿನಂಥ ಎತ್ತರದ ತಿರುಗುಚಕ್ರ ಸಂಜೆ. ಅರಮನೆಯೊಳಗೆ ಕೂರಲು ಜಾಗವಿಲ್ಲವೆಂದು ತಿಳಿದು, ಹೊರಗಿನ ತೋಟವೊಂದೇ ಸಾಕೆಂದುಕೊಂಡರು. ಊರೊಳಗೆ ಓಡಾಡುವ ಟ್ರಾಮ್ ಹತ್ತಿಳಿಯುವುದನ್ನು ಕಲಿಸಲು ಪಡಸಾಲೆಯಲ್ಲಿ ಮಣೆಗಳನ್ನು ಸಾಲಾಗಿಟ್ಟರು. ಸಿದ್ಧ ಕಂಡಕ್ಟರನಾಗಿ ಮಾಮನಿಗೂ ಟಿಕೀಟು ಹರಿದ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎಷ್ಟೆಷ್ಟು ಬೇಕೆಂದು ಲೆಕ್ಕವಾಯಿತು. ಬೇಸಿಗೆಯಲ್ಲಿ ಸ್ವೆಟರ್ ಕೇಳಿದ್ದಕ್ಕೆ ಬಜಾರಿನವರು ನಕ್ಕರು; ದಾಕ್ಷಾಯಣಮ್ಮ ಅವನ್ನು ದಾವಣಗೆರೆಯಿಂದ ತರಿಸಿದರು.

ಮಾರ್ಚ್ ಕೊನೆಯಲ್ಲಿ ಹರಪನಹಳ್ಳಿಯ ಮೈಲಾರಲಿಂಗಪ್ಪ ಮನೆಗೆ ಬಂದರು. ಅವರೂ ಪಂಪ್‌ಸೆಟ್ ವ್ಯಾಪಾರಿ. ಹಿಂದಿನ ವರ್ಷ ಕಂಪನಿಯ ಖರ್ಚಿನಲ್ಲೇ ಸಿಂಗಾಪುರ ನೋಡಿ ಬಂದವರು. ಚಹಾ ಕುಡಿಯುತ್ತ ಕಾಗದಪತ್ರಗಳ ವಿಷಯ ಕೇಳಿದರು. ಮಕ್ಕಳ ಜನನಪತ್ರದಲ್ಲಿ ತಾಯಿಯ ಹೆಸರು ವಾಣಿಶ್ರೀ ಎಂದಿದೆ, ಒಪ್ಪಿಗೆಪತ್ರಕ್ಕೆ ಅವಳು ಸಹಿ ಮಾಡಿದ್ದಾಳೆ ಎಂದು ಗಂಗಾಧರ್ ಹೇಳಿದರು. ಅಷ್ಟರಲ್ಲಿ ನೀಲಿ ಓಡಿಬಂದು, ಅವ್ವಾ ಎಂದು ದಾಕ್ಷಾಯಣಮ್ಮನ ಸೆರಗು ಜಗ್ಗಿದಳು.

ಮೈಲಾರಲಿಂಗಪ್ಪ ಬಟ್ಟಲು ಕೆಳಗಿಟ್ಟರು.

“ಚೆನ್ನೈನಾಗೆ ವೀಸಾದೋರು ಮಕ್ಕಳನ್ನ ನಿಲ್ಲಿಸಿ ಕೇಳ್ತಾರೆ ಗಂಗಣ್ಣ, ನಿಮ್ಮವ್ವ ಯಾರು ಅಂತ. ಈ ಹುಡ್ಗಿ ನಿನ್ನ ಹೆಂಡ್ತೀನ ತೋರಿಸಿದ್ರೆ, ಯಾರ್ದೋ ಮಕ್ಕಳನ್ನ ಸಾಗಿಸ್ಕಂಡು ಹೊಂಟಾರೆ ಅಂತ ನಿನ್ನ ಕೂರಿಸ್ಕಂತಾರೆ. ಈಗ್ಲೇ ತಿದ್ದಿಸ್ರಿ.”

ಯಾರೂ ಇದನ್ನು ಇನ್ನೊಬ್ಬರಲ್ಲಿ ವಿಚಾರಿಸಲಿಲ್ಲ. ವಿದೇಶ ನೋಡಿ ಬಂದವರು ಆಡಿದ ಮಾತು. ಅದರ ಮೇಲೆ ಇನ್ನೇನು ಕೇಳುವುದು?

ತಿದ್ದುವ ಕೆಲಸ ತನ್ನ ಕೈಲಾಗದೆಂದು ಗಂಗಾಧರ್ ಅಂಗಡಿಯಲ್ಲೇ ಹೊತ್ತು ಕಳೆಯತೊಡಗಿದರು. ದಾಕ್ಷಾಯಣಮ್ಮನೇ ದಿನವೂ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮವ್ವ ಯಾರು, ನಾನು ಯಾರು ಎಂದು ಕೇಳಿದರು. ಅವ್ವ ಎಂದರೆ ವಾಣಕ್ಕ, ನೀನು ಅತ್ತಿ, ಇಂಗ್ಲಿಷಿನಲ್ಲಿ ಕೇಳಿದರೆ ಆಂಟಿ ಎಂಬುದನ್ನು ಸಿದ್ಧ ಒಂದೇ ದಿನದಲ್ಲಿ ಕಲಿತ. ನೀಲಿ ಮಾತ್ರ ನಕ್ಕು ಅವರ ಕೆನ್ನೆಯನ್ನೇ ಮುಟ್ಟುತ್ತಿದ್ದಳು. ಹಲಗೆಗೆ ಅಕ್ಷರ ತಿದ್ದಿಸಿದಂತೆ ಅವರು ಬೇಸರಪಡದೆ ತಿದ್ದಿದರು. ಸರಿಯಾಗಿ ಹೇಳಿದಾಗ ಪೆಪ್ಪರಮೆಂಟು. ಮರೆತು ಅವ್ವ ಎಂದರೆ ಓಗೊಡುತ್ತಿರಲಿಲ್ಲ. ಒಮ್ಮೆ ಮಗು ಬಚ್ಚಲಿನಲ್ಲಿ ಕಣ್ಣಿಗೆ ಸೀಗೆಪುಡಿ ಹೋಗಿ ಅವ್ವಾ ಎಂದು ಅತ್ತಾಗಲೂ, ಅತ್ತಿ ಎನ್ನುವ ತನಕ ಅವರು ತಂಬಿಗೆ ಎತ್ತಲಿಲ್ಲ. ಆ ರಾತ್ರಿ ಅವರು ಉಣ್ಣಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ವಾಣಿಶ್ರೀ ಬಂದು ಚಪ್ಪಲಿ ಬಿಡುತ್ತಿದ್ದಂತೆ, ನೀಲಿ ಒಳಗಿನಿಂದ ಅವ್ವ ಬಂದ್ಲು ಎಂದು ಕೂಗಿದಳು. ವಾಣಿಶ್ರೀ ಹಿಂದೆ ತಿರುಗಿ ನೋಡಿದಳು. ಕರೆದದ್ದು ತನ್ನನ್ನೇ ಎಂದು ಅರಿವಾದ ಮೇಲೆ ಹೊಸ್ತಿಲ ಹೊರಗೇ ಕುಳಿತುಬಿಟ್ಟಳು. ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ದಾಕ್ಷಾಯಣಮ್ಮನೇ ತೆಗೆದುಕೊಂಡು ಒಳಗಿಟ್ಟರು.

ಚೆನ್ನೈನಲ್ಲಿ ಅಧಿಕಾರಿ ಗಂಗಾಧರರ ವ್ಯಾಪಾರದ ಕಾಗದ ನೋಡಿದ. ಹಿಂದಿರುಗುವ ದಿನ ಯಾವುದೆಂದು ಕೇಳಿದ. ವಾಣಿಶ್ರೀಯ ಒಪ್ಪಿಗೆಪತ್ರದ ಮೇಲೊಮ್ಮೆ ಕಣ್ಣಾಡಿಸಿ, ನೀಲಿಯ ಕಡೆ ನೋಡಿ ನಕ್ಕು, ಹೋಗಬಹುದೆಂದ. ಮಕ್ಕಳನ್ನು ಒಂದು ಮಾತೂ ಕೇಳಲಿಲ್ಲ.

ಹೊರಗೆ ಬಂದು ಆಟೋ ಹತ್ತಿದ ಮೇಲೆ ದಾಕ್ಷಾಯಣಮ್ಮ, “ಕೇಳಲೇ ಇಲ್ಲಲ್ರಿ” ಎಂದರು.

“ಕೆಲಸ ಆತಲ್ಲ ಬಿಡು” ಎಂದರು ಗಂಗಾಧರ್.

ಅಂದು ಸಂಜೆ ವಸತಿಗೃಹದಲ್ಲಿ ನೀಲಿಯ ತಲೆ ಬಾಚುತ್ತ, ಇನ್ನು ಮೊದಲಿನಂತೆ ಅವ್ವ ಎನ್ನಬಹುದೆಂದು ದಾಕ್ಷಾಯಣಮ್ಮ ಮೆಲ್ಲಗೆ ಹೇಳಿದರು. ಮಗು ತಿರುಗಿ ಅವರ ಮುಖ ನೋಡಿತು.

“ಅವ್ವ ಹಲವಾಗಲದಾಗ ಅದಾಳಲ್ಲ. ನೀನು ಅತ್ತಿ. ನೀನ ಹೇಳಿದ್ದಿ.”

ದಾಕ್ಷಾಯಣಮ್ಮ ಜಡೆ ಹೆಣೆದು ಮುಗಿಸಿದರು.

ವಿಯೆನ್ನಾದಲ್ಲಿ ಅವರು ಹಾಕಿದ ಏರ್ಪಾಡು ಎಲ್ಲಿಯೂ ತಪ್ಪಲಿಲ್ಲ. ಬೆಳಿಗ್ಗೆ ಆನೆ, ಜಿರಾಫೆ. ಮಧ್ಯಾಹ್ನ ತೋಟದ ಬೆಂಚಿನ ಮೇಲೆ ರೊಟ್ಟಿ, ಅಲ್ಲೇ ನೀಲಿಗೆ ನಿದ್ದೆ. ಟ್ರಾಮಿನ ಬಾಗಿಲು ತೆರೆಯುವ ಗುಂಡಿ ಒತ್ತುವುದು ಸಿದ್ಧನ ಪಾಲಿಗಿತ್ತು. ಮೂರನೆಯ ಸಂಜೆ ತಿರುಗುಚಕ್ರದ ಸಾಲಿನಲ್ಲಿ ಹಿಂದೆ ನಿಂತಿದ್ದ ಬಿಳಿಗೂದಲಿನ ಹೆಂಗಸೊಬ್ಬಳು ನೀಲಿಯ ಜಡೆಯನ್ನು ಮೆಚ್ಚಿ, ದಾಕ್ಷಾಯಣಮ್ಮನ ಕಡೆ ಬೆರಳು ಮಾಡಿ, ಮಮ್ಮಿಯೇ ಎಂದು ಕೇಳಿದಳು. ದಾಕ್ಷಾಯಣಮ್ಮ ತಲೆಯಾಡಿಸುವ ಮೊದಲೇ ಮಗು ಕಲಿತ ಪಾಠ ಒಪ್ಪಿಸುವಂತೆ ನೆಟ್ಟಗೆ ನಿಂತು, “ನೋ. ಆಂಟಿ” ಎಂದಿತು. ಹೇಳಿ, ಪೆಪ್ಪರಮೆಂಟಿಗೆ ಕೈ ಚಾಚಿತು. ಅವರ ಚೀಲದಲ್ಲಿ ಒಂದು ಉಳಿದಿತ್ತು, ಕೊಟ್ಟರು.

ಊರಿಗೆ ಬಂದ ವಾರದೊಳಗೆ ವಾಣಿಶ್ರೀ ಅಡಿಗೆಮನೆಗೆ ಬಂದು ಒಲೆಯ ಪಕ್ಕ ಕುಳಿತಳು. ಬಹಳ ಹೊತ್ತು ಬೆಳ್ಳುಳ್ಳಿ ಸುಲಿದ ಮೇಲೆ ಮಾತಾಡಿದಳು.

“ವೈನಿ, ಮಕ್ಕಳನ್ನ ಕರ್ಕೊಂಡು ಹೋಗ್ತೀನ್ರಿ. ವಾಣಕ್ಕ ಅಂತಿದ್ದಾಗ ಹೆಂಗೋ ಬಿಟ್ಟಿದ್ದೆ. ಈಗ ಸೋಮವಾರ ಬಸ್ ಹತ್ತಾಕ ಕಾಲೇ ಬರವಲ್ವು.”

“ನಿನ್ನ ಮಕ್ಕಳು” ಎಂದರು ದಾಕ್ಷಾಯಣಮ್ಮ. ನೀಲಿಗೆ ಹಾಲು ಆರಿಸಿ ಕೊಡಬೇಕು, ಬಿಸಿಯದು ಅವಳಿಗೆ ಆಗುವುದಿಲ್ಲ ಎಂದರು.

ಜೂನ್ ೨, ಸೋಮವಾರ. ಗಾಳಿ ಜೋರಾಗಿತ್ತು, ಮಳೆ ಬರಲಿಲ್ಲ. ನಸುಕಿನ ಬಸ್ಸಿಗೆ ಮೂವರನ್ನೂ ಹತ್ತಿಸಿ ಬಂದ ಮೇಲೆ ದಾಕ್ಷಾಯಣಮ್ಮ ಪಡಸಾಲೆ ಗುಡಿಸಿದರು. ಮಕ್ಕಳನ್ನು ಕಳಿಸಲು ಆದ ಖರ್ಚು: ತಗಡಿನ ಟ್ರಂಕು ನೂರ ಎಂಬತ್ತು ರೂಪಾಯಿ, ಬೀಗ ಇಪ್ಪತ್ತೆರಡು, ಟ್ರಂಕು ಹೊತ್ತ ಹಮಾಲನಿಗೆ ಐದು, ದಾರಿಗೆಂದು ಬಿಸ್ಕೀಟು ಹನ್ನೆರಡು. ಬಸ್ಸಿನ ಟಿಕೀಟಿನ ಹಣವನ್ನು ವಾಣಿಶ್ರೀಯೇ ಕೊಟ್ಟಳು.