ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸ್ಕೀ ಪರೀಕ್ಷೆ

ಸಂಜೆ ವಿಮಾನ. ನಾಳೆ ಫಿನ್ಲೆಂಡಿನ ಕಾಡಿನಲ್ಲಿ, ಯಂತ್ರದಿಂದ ಹಿಮ ಸಮ ಮಾಡಿದ ದಾರಿಯಲ್ಲಿ, ಮೊದಲ ಸಲ ಕೋಲೂರಿ ತಳ್ಳಿಕೊಂಡು ಸ್ಕೀ ಮಾಡುತ್ತೇನೆ! ವಿಡಿಯೋ ನೋಡಿಯೇ ಕಲಿತವನು ನಾನು, ಚಳಿಯೊಂದೇ ಭಯ. ಅದಕ್ಕೇ ಮೂರು ಸ್ವೆಟರ್ ತೊಟ್ಟು, ನಮ್ಮೂರಿನ, ಅಣ್ಣನಂಥ ಹಮೀದಾಕ ಕೆಲಸ ಮಾಡುವ, ಇಲ್ಲಿ ಗಲ್ಫಿನ ಫಹಾಹೀಲ್ ಪೇಟೆಯ ಮೀನಿನ ಕೋಲ್ಡ್ ಸ್ಟೋರೇಜಿಗೆ ಹೋಗಿ ನಿಂತೆ.

"ಸುಮ್ಮನೆ ನಿಂತ್ರೆ ಎಂತ ಗೊತ್ತಾಗ್ತದೆ ಮಾರಾಯ? ಪೆಟ್ಟಿಗೆ ಎತ್ತು, ಯಲ್ಲಾ, ಬೇಗ ಬೇಗ!" ಎಂದರು ಹಮೀದಾಕ.

ಹತ್ತು ಪೆಟ್ಟಿಗೆ ಎತ್ತುವಷ್ಟರಲ್ಲಿ ಬೆವತೆ. ಸುಧಾರಿಸಿಕೊಳ್ಳಲು ನಿಂತದ್ದೇ ತಡ, ಆ ಬೆವರೇ ತಣ್ಣಗಾಗಿ ಹಲ್ಲು ಕಟಕಟ ಎಂದಿತು.

ಅವರು ನಗುತ್ತಾ ಕೋಟು ಬಿಚ್ಚಿ ತೋರಿಸಿದರು. ಒಳಗೆ ತೆಳ್ಳಗಿನ ಒಂದೇ ಬನಿಯನ್! "ಮೈ ಬಗ್ಗಿಸುವವನಿಗೆ ಇಷ್ಟು ಸಾಕು. ಬೆವತವ ಖಲಾಸ್."

ಎರಡು ಸ್ವೆಟರ್ ಅಲ್ಲೇ ಕಳಚಿಟ್ಟೆ. "ಜಾರಿ ಬಿದ್ರೆ ಎಂತ ಮಾಡುದು ಹಮೀದಾಕ?"

"ನಾವಿಲ್ಲಿ ದಿನಾ ಬೀಳ್ತೇವೆ. ಯಾರಾದ್ರೂ ನೋಡಿದ್ರಾ ಅಂತ ಮೊದಲು ನೋಡು, ಮತ್ತೆ ಏಳು."