ಹೊಡೆಯುವ ಆರ್ಲಿಸ್ ತಡೆಯಲು ಕಲಿತದ್ದು

ಅಮೆರಿಕದ ಅಯೋವಾ ರಾಜ್ಯದ ವಿಟ್ಮಂಡ್ ಎಂಬ ಊರಿನಲ್ಲಿ ಮೆಕ್ಕೆಜೋಳದ ಗೋದಾಮಿನ ಕಚೇರಿಗೆ ದಿನಾ ಬೆಳಿಗ್ಗೆ ಏಳೆಂಟು ಮುದುಕರು ಕಾಫಿಗೆ ಸೇರುತ್ತಾರೆ. ಹವಾಮಾನ, ಹಂದಿಯ ರೇಟು, ಯಾರ ಮೊಣಕಾಲು ಎಷ್ಟು ನೋಯುತ್ತಿದೆ ಎಂಬುದೆಲ್ಲ ಮುಗಿದ ಮೇಲೆ ಒಂದು ಹಳೆಯ ತಕರಾರು ಮೇಲೇಳುತ್ತದೆ. ಆರ್ಲಿಸ್ ಐಲರ್ಸ್ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯಾಗಿ ಗೆದ್ದಳೋ, ಸೋತಳೋ? ಕಾಲೇಜಿನಲ್ಲಿ ಪಂದ್ಯಕ್ಕೆ ಮೂವತ್ತೊಂದು ಪಾಯಿಂಟು ಹೊಡೆಯುತ್ತಿದ್ದವಳು ಅಲ್ಲಿಗೆ ಹೋಗಿ ಅದೇನು ಕಡಿದು ಕಟ್ಟೆ ಹಾಕಿದಳು ಎಂದು ಒಬ್ಬ ಕೇಳುತ್ತಾನೆ. ಸುಮ್ಮನಿರೋ, ನಮ್ಮೂರಿನಿಂದ ಅಲ್ಲಿಯವರೆಗೆ ಹೋದವಳು ಅವಳೊಬ್ಬಳೇ ಎಂದು ಇನ್ನೊಬ್ಬ ಅವಳ ಪರ ವಹಿಸುತ್ತಾನೆ. ಈ ಜಗಳಕ್ಕೇ ನಲವತ್ತೈದು ವರ್ಷ ದಾಟಿದೆ. ಆರ್ಲಿಸ್‌ಗೆ ಈಗ ಅರವತ್ತೊಂಬತ್ತು. ಶಾಲೆಯ ಅಡುಗೆಮನೆ ನೋಡಿಕೊಂಡಿದ್ದು ನಿವೃತ್ತಳಾದವಳು. ಬೆಕ್ಕಿಗೆ ತಿಂಡಿ ಕೊಳ್ಳಲು ಅದೇ ಕಚೇರಿಗೆ ಬರುತ್ತಾಳೆ, ತನ್ನ ಸುದ್ದಿಯೇ ಕಿವಿಗೆ ಬೀಳುತ್ತದೆ, ನಕ್ಕು ಹೊರಟುಹೋಗುತ್ತಾಳೆ. ಉತ್ತರ ಅವಳಿಗೆ ಗೊತ್ತು. ಮುದುಕರಿಗೆ ಗೊತ್ತಿಲ್ಲ, ಏಕೆಂದರೆ ಅವರು ಆವತ್ತು ಬುಟ್ಟಿಯನ್ನೇ ನೋಡುತ್ತಾ ಕೂತಿದ್ದರು.

ಅವಳ ಕಾಲದಲ್ಲಿ ಆ ರಾಜ್ಯದ ಹೈಸ್ಕೂಲು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಬೇರೆಯೇ ಜಾತಿಯದು. ತಂಡಕ್ಕೆ ಆರು ಜನ. ಮೂವರು ಅಂಕಣದ ಒಂದು ಅರ್ಧದಲ್ಲಿದ್ದು ಬುಟ್ಟಿಗೆ ಹೊಡೆಯುವವರು, ಮೂವರು ಇನ್ನೊಂದು ಅರ್ಧದಲ್ಲಿದ್ದು ಎದುರಾಳಿಗಳನ್ನು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಹೊಡೆಯುವವಳು ಜನ್ಮದಲ್ಲಿ ಯಾರನ್ನೂ ತಡೆದವಳಲ್ಲ, ತಡೆಯುವವಳು ಜನ್ಮದಲ್ಲಿ ಬುಟ್ಟಿಗೆ ಒಂದು ಚೆಂಡು ಎಸೆದವಳಲ್ಲ. ಪತ್ರಿಕೆಯಲ್ಲಿ ಫೋಟೋ ಬರುವುದು ಯಾರದು ಎಂದು ಬೇರೆ ಹೇಳಬೇಕೇ?

ಆರ್ಲಿಸ್ ಹೊಡೆಯುವವಳು. ಅಪ್ಪ ಹಾರ್ಮ್ ಐಲರ್ಸ್ ಅವಳ ಏಳನೆಯ ವರ್ಷಕ್ಕೇ ಕಣಜದ ಗೋಡೆಗೆ ಬುಟ್ಟಿಯ ಕಬ್ಬಿಣದ ಬಳೆಯೊಂದನ್ನು ಜಡಿದಿದ್ದ. ಅಣ್ಣಂದಿರಿಬ್ಬರೂ ಹಂದಿಗಳ ಮಧ್ಯೆ ಕೆಸರು ತುಳಿಯುತ್ತಿದ್ದರೆ ಇವಳು ಚೆಂಡು ಎಸೆಯುತ್ತಿದ್ದಳು. ಬೆರಳಿಗೆ ಏಟು ಬಿದ್ದೀತು ಎಂದು ಅವಳಿಗೆ ಹಂದಿಯ ಕೆಲಸ ಮಾಫಿ. ಮನೆಯಲ್ಲಿ ದೇವರ ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳಬಹುದಿತ್ತೋ ಏನೋ, ದಿನದ ಇನ್ನೂರು ಎಸೆತಗಳಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಕಾಲೇಜಿಗೆ ಹೋದಾಗ ಆಟ ಬದಲಾಯಿತು. ಅಲ್ಲಿ ತಂಡಕ್ಕೆ ಐವರು, ಐವರೂ ಇಡೀ ಅಂಕಣ ಓಡಬೇಕು. ಆದರೆ ಅಲ್ಲಿಯ ಕೋಚ್ ಈ ನಾಡಿನವನೇ. ಇಂಥ ಕೈಯನ್ನು ಓಡಿಸಿ ದಣಿಸಬಾರದು ಎಂದು ಅವನಿಗೂ ಅನ್ನಿಸಿತು. "ನೀನು ನಡುಗೆರೆ ಹತ್ರಾನೇ ನಿಂತಿರು ಆರ್ಲಿಸ್, ಹಿಂದೆ ನಾಲ್ಕು ಜನ ನೋಡ್ಕೋತಾರೆ, ಚೆಂಡು ನಿನ್ನ ಹುಡುಕ್ಕೊಂಡು ಬರುತ್ತೆ" ಎಂದ. ಬಂತು ಕೂಡ. ನಾಲ್ಕು ವರ್ಷ ಬಂತು. ಪ್ರೀತಿಯಿಂದ ಮಾಡುವ ತಪ್ಪು ಯಾರಿಗೂ ತಪ್ಪಾಗಿ ಕಾಣುವುದಿಲ್ಲ.

ಅವಳ ಕಾಲೇಜು ಮುಗಿದ ವರ್ಷವೇ ಹೆಂಗಸರ ವೃತ್ತಿಪರ ತಂಡವೊಂದು ಹತ್ತಿರದ ನಗರದಲ್ಲಿ ಹುಟ್ಟಿತು. ಆಗಸ್ಟ್ ತಿಂಗಳಲ್ಲಿ ಆಯ್ಕೆ. ವಿಟ್ಮಂಡ್‌ನಲ್ಲಿ ಅನುಮಾನವೇ ಇರಲಿಲ್ಲ. ಬೇಕರಿಯವಳು ಕಿಟಕಿಗೆ ಅಭಿನಂದನೆಯ ಬೋರ್ಡನ್ನೂ ಅಂಟಿಸಿಬಿಟ್ಟಳು.

ಆಯ್ಕೆಯ ಮೊದಲ ದಿನ ಆರ್ಲಿಸ್ ಇಪ್ಪತ್ತೈದು ಎಸೆತಕ್ಕೆ ಇಪ್ಪತ್ತಮೂರು ಬುಟ್ಟಿಗೆ ಹಾಕಿದಳು. ಎಲ್ಲರೂ ತಮ್ಮ ಆಟ ನಿಲ್ಲಿಸಿ ನೋಡಿದರು. ಎರಡನೆಯ ದಿನ ನಿಜವಾದ ಪಂದ್ಯ ಇಟ್ಟರು. ಶಿಕಾಗೋದಿಂದ ಬಂದ ಒಡೆಸ್ಸಾ ಪ್ರೂಯಿಟ್ ಎಂಬವಳು ಚೆಂಡು ಕಸಿದುಕೊಂಡು ಓಡಿದಳು. ಆರ್ಲಿಸ್ ಬೆನ್ನಟ್ಟಿದಳು, ನಡುಗೆರೆ ಬಂತು, ಕಾಲು ನಿಂತವು. ತಾನೇ ನಿಲ್ಲಿಸಿದ್ದಲ್ಲ, ತಾವಾಗಿಯೇ ನಿಂತವು. ಒಡೆಸ್ಸಾ ಒಬ್ಬಳೇ ಹೋಗಿ ಆರಾಮವಾಗಿ ಹಾಕಿ ಬಂದಳು.

ಹೊಸ ತಂಡದ ಕೋಚ್ ಬೀಸ್ಲಿ ಸೀಟಿ ಊದಿದ. "ಯಾಕಮ್ಮಾ ನಿಂತೆ? ಹಾವೇನಾದ್ರೂ ಅಡ್ಡ ಬಂತಾ?"

"ಇಲ್ಲ ಕೋಚ್, ಅದು... ಅಭ್ಯಾಸ."

"ಗೆರೆ ಆಚೆ ಬೇರೆ ದೇಶ ಇರ್ಬೇಕು ಬಿಡಿ ಕೋಚ್," ಎಂದಳು ಒಡೆಸ್ಸಾ. "ಪಾಪ, ಇವ್ಳ ಹತ್ರ ಪಾಸ್‌ಪೋರ್ಟ್ ಇಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಜೆ ಬೀಸ್ಲಿ ಅವಳನ್ನು ಪಕ್ಕಕ್ಕೆ ಕರೆದ.

"ನೋಡಮ್ಮಾ, ಇಂಥ ಕೈ ನಾನು ಕಂಡಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀನು ಎರಡು ತಂದು ನಾಲ್ಕು ಬಿಟ್ಟುಕೊಟ್ರೆ ನನ್ನ ಗತಿ ಏನು? ಅಕ್ಟೋಬರ್‌ನಲ್ಲಿ ಶಿಬಿರ. ಅಷ್ಟರೊಳಗೆ ಒಬ್ರನ್ನಾದ್ರೂ ತಡೆಯೋದು ಕಲ್ತಿದ್ರೆ ಬಾ. ಇಲ್ದಿದ್ರೆ ಬರೋ ತೊಂದ್ರೆ ತಗೋಬೇಡ."

ಮನೆಗೆ ಬಂದವಳ ಮುಖ ನೋಡಿಯೇ ಅಮ್ಮ ಟ್ರೀನಾ ಟೀ ಇಟ್ಟಳು. ಆ ಊರಿನವರ ಮನೆಗಳಲ್ಲಿ ಕಲ್ಲುಸಕ್ಕರೆ, ಕೆನೆ ಹಾಕಿದ ಟೀಯನ್ನು ಮೂರು ಬಟ್ಟಲು ಕುಡಿಯದೆ ಏಳುವಂತಿಲ್ಲ. ಮೊದಲ ಬಟ್ಟಲಿಗೆ ಆರ್ಲಿಸ್ ಅತ್ತಳು. ಎರಡನೆಯದಕ್ಕೆ ಅಪ್ಪ ಆ ಕೋಚ್‌ನನ್ನು ಬೈದ. ಮೂರನೆಯದಕ್ಕೆ ಅಮ್ಮ ಬಾಯಿ ತೆರೆದಳು.

"ತಡೆಯೋದು ಕಲೀಬೇಕಾದ್ರೆ ತಡೆಯೋರ ಹತ್ರ ಹೋಗು. ನಿನ್ನ ಜೊತೆ ಆಡ್ತಿದ್ದ ಲೂವಾನ್ ಇಲ್ವಾ?"

"ಲೂವಾನಾ?" ಹಾರ್ಮ್ ಹುಬ್ಬೇರಿಸಿದ. "ಫ್ರೀಸ್ ಮನೆ ಹುಡುಗೀನಾ? ಅವಳೂ ಆಡ್ತಿದ್ಲಾ?"

ಲೂವಾನ್ ಫ್ರೀಸ್ ನಾಲ್ಕು ವರ್ಷ ಆರ್ಲಿಸ್‌ಳ ಹೈಸ್ಕೂಲು ತಂಡದಲ್ಲಿ ತಡೆಯುವವಳಾಗಿದ್ದಳು. ಈಗ ಹಂದಿ ಸಾಕುವ ಒಬ್ಬನನ್ನು ಮದುವೆಯಾಗಿ, ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ಕೆಲಸಕ್ಕಿದ್ದಳು. ಆರ್ಲಿಸ್ ಹೋದಾಗ ಹಳದಿ ಮರಿಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನು ಮೇಡಮ್ಮೋರು ಇಷ್ಟು ದೂರ? ಫೋಟೋ ತೆಗೆಯೋರು ಹಿಂದೆ ಬರ್ತಿದಾರಾ?"

ಆರ್ಲಿಸ್ ಬಂದ ಕಾರಣ ಹೇಳಿದಳು. ಗೆರೆಯ ಬಳಿ ನಿಂತದ್ದು, ಎಲ್ಲರೂ ನಕ್ಕದ್ದು, ಒಂದನ್ನೂ ಮುಚ್ಚಿಡಲಿಲ್ಲ. ಲೂವಾನ್ ಎಣಿಸುತ್ತಲೇ ಕೇಳಿಸಿಕೊಂಡಳು.

"ಸರಿ. ಒಂದು ಪ್ರಶ್ನೆ. ನಾಲ್ಕು ವರ್ಷ ಒಂದೇ ತಂಡ, ಒಂದೇ ಬಣ್ಣದ ಬಟ್ಟೆ. ನಾನು ಎಡಗಡೆ ನಿಲ್ತಿದ್ನಾ, ಬಲಗಡೇನಾ?"

ಆರ್ಲಿಸ್‌ಗೆ ಗೊತ್ತಿರಲಿಲ್ಲ. ಚೆಂಡು ಆಚೆಯ ಅರ್ಧಕ್ಕೆ ಹೋದಾಗಲೆಲ್ಲ ಅವಳು ಲೇಸು ಬಿಗಿಯುತ್ತಿದ್ದಳು, ಕೂದಲು ಸರಿಮಾಡಿಕೊಳ್ಳುತ್ತಿದ್ದಳು, ಜನರ ಮಧ್ಯೆ ಅಪ್ಪನನ್ನು ಹುಡುಕುತ್ತಿದ್ದಳು. ಆ ಕಡೆ ನೋಡಿದ ಒಂದು ನೆನಪೂ ಇಲ್ಲ. ಅಷ್ಟು ನಾಚಿಕೆ ಅವಳಿಗೆ ನಡುಗೆರೆಯ ಬಳಿಯೂ ಆಗಿರಲಿಲ್ಲ.

"ಗೊತ್ತಿಲ್ಲ ಕಣೇ," ಎಂದಳು.

"ನಿಂಗೆ ಗೊತ್ತಿಲ್ಲ ಅಂತ ನಂಗೊತ್ತಿತ್ತು." ಲೂವಾನ್ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಸುಳ್ಳು ಹೇಳಿದ್ರೆ ಹಂಗೇ ಕಳಿಸ್ತಿದ್ದೆ. ನಾಳೆ ನಾಲ್ಕು ಗಂಟೆಗೆ ಮನೆಗೆ ಬಾ. ಹಳೇ ಬಟ್ಟೆ ಹಾಕ್ಕೊಂಡು ಬಾ."

ಮರುದಿನ ಲೂವಾನ್ ಅವಳನ್ನು ಕರೆದುಕೊಂಡು ಹೋದದ್ದು ಹಂದಿಗಳ ಅಂಗಳಕ್ಕೆ. ಮಾರಾಟಕ್ಕೆ ಬೆಳೆದು ನಿಂತ, ಒಂದೊಂದೂ ಕ್ವಿಂಟಾಲ್ ತೂಗುವ ಮೂವತ್ತು ಹಂದಿಗಳು. ತೆರೆದ ಗೇಟಿನಲ್ಲಿ ಬರಿಗೈಲಿ ನಿಂತು, ಹೇಳಿದ ಹಂದಿಯನ್ನು ಮಾತ್ರ ಆಚೆ ಬಿಟ್ಟು ಉಳಿದವನ್ನು ತಡೆಯಬೇಕು.

"ಇದಕ್ಕೂ ಬ್ಯಾಸ್ಕೆಟ್‌ಬಾಲ್‌ಗೂ ಏನೇ ಸಂಬಂಧ?"

"ನಾನೆಲ್ಲಿ ಕಲಿತೆ ಅಂದ್ಕೊಂಡೆ ಮತ್ತೆ? ನಿಂಗೆ ಕಣಜದ ಗೋಡೆ ಇತ್ತು, ನಂಗೆ ಇದೇ ಇದ್ದಿದ್ದು."

ಮೊದಲ ಹಂದಿಯೇ ಅವಳನ್ನು ಕೆಸರಿಗೆ ಕೆಡವಿ ಮೇಲಿಂದ ದಾಟಿ ಹೋಯಿತು. ಎರಡನೆಯದೂ ಅಷ್ಟೇ. ಲೂವಾನ್ ಬೇಲಿಯ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು.

"ಹಂದೀನ ಹಿಡೀಬೇಡ ಕಣೇ, ಅದರ ದಾರಿ ಹಿಡಿ! ಮೂತಿ ನೋಡ್ಬೇಡ, ಮೂತಿ ಮೋಸ. ಭುಜ ಎತ್ತ ವಾಲುತ್ತೋ ಅತ್ತ ನೀನು ಮೊದಲು ಹೋಗಿರ್ಬೇಕು. ಕಾಲು ಅಡ್ಡ ಹಾಕ್ಬೇಡ, ಜಾರಿಸು. ಸೊಂಟ ಬಗ್ಸು! ಫೋಟೋಗೆ ನಿಂತಂಗೆ ನಿಂತ್ರೆ ಅದಕ್ಕೇನು ಗೊತ್ತಾಗುತ್ತೆ?"

ಮೂರನೆಯ ದಿನ ಹಾರ್ಮ್ ನೋಡಲು ಬಂದವನು ಮಗಳ ಅವತಾರ ಕಂಡು ಎದೆ ಒಡೆದುಕೊಂಡ. "ಬೆರಳು, ಬೆರಳು ಜೋಪಾನ ಮಗಾ!" ಎಂದು ಬೇಲಿಯ ಆಚೆಯಿಂದ ಕೂಗಿದ. "ಬೆರಳು ಇದ್ದಲ್ಲೇ ಇದೆ ಅಪ್ಪಾ, ಉಳಿದಿದ್ದೆಲ್ಲ ಹೋಯ್ತು," ಎಂದು ಮಗಳು ಕೆಸರಿನಿಂದ ಕೂಗಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಯಾರೂ ಅವಳನ್ನು ಹೊಗಳುತ್ತಿರಲಿಲ್ಲ, ಅದೇನೋ ಹಗುರ.

ಹಂದಿಗಳಾದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆ. ಲೂವಾನ್ ಸಿಮೆಂಟಿನ ನೆಲಕ್ಕೆ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದಳು. ತಾನು ಚೆಂಡು ಪುಟಿಸುತ್ತಾ ಅದನ್ನು ದಾಟಿ ಓಡುವಳು, ಆರ್ಲಿಸ್ ಬೆನ್ನಟ್ಟಬೇಕು. ಮೊದಲ ವಾರ ದಿನಕ್ಕೆ ಹತ್ತು ಸಲವಾದರೂ ಕಾಲು ಗೆರೆಯ ಬಳಿ ನಿಂತವು.

"ಒರೆಸಿಬಿಡೇ ಅದನ್ನ," ಎಂದು ಆರ್ಲಿಸ್ ಗೋಗರೆದಳು.

"ಅಲ್ಲಿ ನಿನ್ನ ಕೋಚು ಒರೆಸಿಕೊಡ್ತಾನಾ? ಇದ್ದೂ ಇಲ್ದಂಗಾಗ್ಬೇಕು."

ಸೆಪ್ಟೆಂಬರ್ ಕೊನೆಗೆ ಹಾಗೆಯೇ ಆಯಿತು. ಯಾವ ದಿನ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಕ್ಟೋಬರಿನ ಶಿಬಿರಕ್ಕೆ ಇಪ್ಪತ್ತು ಜನ, ಉಳಿಯುವವರು ಹನ್ನೆರಡು. ಆರ್ಲಿಸ್ ದಿನವೂ ಒಡೆಸ್ಸಾಳ ಮುಂದೆ ನಿಂತು ತಡೆಯುತ್ತೇನೆಂದು ತಾನಾಗಿ ಕೇಳಿಕೊಂಡಳು. ಒಡೆಸ್ಸಾ ಮೊದಲು ನಕ್ಕಳು, ಆಮೇಲೆ ರೇಗಿದಳು, ಮೂರನೆಯ ವಾರಕ್ಕೆ "ಇವ್ಳಿಗೆ ಯಾರೇ ವೀಸಾ ಕೊಟ್ಟೋರು?" ಎಂದು ಗೊಣಗಿದಳು. ಕೊನೆಗೆ ಬೀಸ್ಲಿ ಪಟ್ಟಿ ಹಾಕಿದ. ಹನ್ನೊಂದು ಹೆಸರು ಶಾಯಿಯಲ್ಲಿ, ಹನ್ನೆರಡನೆಯದು ಪೆನ್ಸಿಲ್‌ನಲ್ಲಿ. ಪೆನ್ಸಿಲ್‌ನದು ಆರ್ಲಿಸ್.

"ಮೊದಲ ಪಂದ್ಯ ಮುಗೀಲಿ," ಎಂದ. "ಆಮೇಲೆ ಶಾಯೀನೋ ರಬ್ಬರೋ ಹೇಳ್ತೀನಿ."

ಮೊದಲ ಪಂದ್ಯ ಭಾನುವಾರ ಮಧ್ಯಾಹ್ನ. ವಿಟ್ಮಂಡ್‌ನವರು ಚರ್ಚಿನಿಂದ ನೇರ ಶಾಲೆಯ ಬಸ್ಸು ಹತ್ತಿ ಬಂದರು. ನಲವತ್ತು ಜನ, ಹ್ಯಾಮ್ ಇಟ್ಟ ಬನ್ನು, ಅವಳ ಹೆಸರು ಬರೆದ ಬೆಡ್‌ಶೀಟು. ಕೊನೆಯ ಸೀಟಿನಲ್ಲಿ ಲೂವಾನ್. ಪೆನ್ಸಿಲ್‌ನ ವಿಷಯ ತಿಳಿದಿದ್ದವಳು ಅವಳೊಬ್ಬಳೇ. ಪಂದ್ಯ ಶುರುವಾಯಿತು, ಆರ್ಲಿಸ್ ಬೆಂಚಿನ ಮೇಲೆ. ಅರ್ಧ ಆಟ ಮುಗಿಯಿತು, ಆರ್ಲಿಸ್ ಬೆಂಚಿನ ಮೇಲೆ. ಬೆಡ್‌ಶೀಟು ಹಿಡಿದವರ ಕೈ ಸೋತು ಅದನ್ನು ಮಡಿಚಿ ಅದರ ಮೇಲೇ ಕೂತರು.

ಎರಡು ನಿಮಿಷ ಉಳಿದಿತ್ತು, ಆರ್ಲಿಸ್‌ಳ ತಂಡಕ್ಕೆ ಒಂದು ಪಾಯಿಂಟಿನ ಮುನ್ನಡೆ. ಎದುರು ತಂಡದ ಬರ್ನೀಸ್ ಎಂಬ ಉದ್ದನೆಯ ಹುಡುಗಿ ಆಗಲೇ ಇಪ್ಪತ್ತೊಂಬತ್ತು ಹೊಡೆದಿದ್ದಳು. "ಐಲರ್ಸ್!" ಎಂದ ಬೀಸ್ಲಿ. "ಅವಳಿಗೆ ಚೆಂಡು ಸಿಗ್ಬಾರ್ದು. ಬೇರೆ ಏನೂ ಬೇಡ ನಂಗೆ."

ನಲವತ್ತು ಜನ ಎದ್ದು ನಿಂತು "ಹೊಡಿ ಆರ್ಲಿಸ್, ಹೊಡಿ!" ಎಂದು ಕೂಗಿದರು. ಆರ್ಲಿಸ್‌ಗೆ ಅದು ಕೇಳಿಸಲೂ ಇಲ್ಲ. ಅವಳ ಕಣ್ಣು ಬರ್ನೀಸ್‌ಳ ಸೊಂಟದ ಮೇಲಿತ್ತು; ಹಂದಿಗೆ ಭುಜ ಹೇಗೋ ಮನುಷ್ಯರಿಗೆ ಸೊಂಟ ಹಾಗೆ. ಬರ್ನೀಸ್ ಎಡಕ್ಕೆ ಹೋದರೆ ಅಲ್ಲಿ ಇವಳು, ಬಲಕ್ಕೆ ಹೋದರೆ ಅಲ್ಲೂ ಇವಳು, ಇನ್ನೊಬ್ಬಳ ಮರೆಗೆ ಸರಿದರೆ ಮರೆಯ ಆಚೆಯೂ ಇವಳೇ. ಒಂದೇ ಸಲ ಬರ್ನೀಸ್‌ಗೆ ಚೆಂಡು ಸಿಕ್ಕಿತು. ಏನು ಮಾಡಲೂ ತೋಚದೆ ಬೇರೆಯವಳಿಗೆ ಕೊಟ್ಟಳು, ಅವಳು ಗುರಿ ತಪ್ಪಿದಳು. ಆರ್ಲಿಸ್ ಅಂಕಣದ ಉದ್ದಕ್ಕೂ ಆರು ಸಲ ಆಚೆ ಈಚೆ ಓಡಿದಳು. ಮುಕ್ತಾಯದ ಗಂಟೆ ಹೊಡೆಯಿತು, ಒಂದು ಪಾಯಿಂಟಿನಿಂದ ಗೆದ್ದರು.

ಬೀಸ್ಲಿ ಅವಳ ತಲೆ ತಟ್ಟಿ, "ನಾಳೆ ಬಂದು ಸಹಿ ಹಾಕು. ಶಾಯಿ ನಂದೇ," ಎಂದ. ಆ ಸಹಿಯ ಮೇಲೆ ಅವಳು ಎರಡೂವರೆ ಸೀಸನ್ ಆಡಿದಳು, ಆ ವೃತ್ತಿಪರ ಲೀಗ್ ಬಾಗಿಲು ಹಾಕುವವರೆಗೂ. ಸರಾಸರಿ ನಾಲ್ಕು ಪಾಯಿಂಟು. ಪ್ರತಿ ಊರಲ್ಲೂ ಅತ್ಯಂತ ಚೆನ್ನಾಗಿ ಹೊಡೆಯುವವಳ ಮುಂದೆ ನಿಲ್ಲುವ ಕೆಲಸ ಅವಳದೇ.

ಆದರೆ ಆ ಭಾನುವಾರ ಊರಿನವರ ಮುಖ ಬಾಡಿತ್ತು. ಗೋದಾಮಿನ ತಕರಾರು ಹುಟ್ಟಿದ್ದೇ ಆಗ, ಬಸ್ಸಿನ ಬಾಗಿಲಲ್ಲಿ. "ಒಂದ್ಸಲಾನೂ ಹೊಡೀಲಿಲ್ವಲ್ಲ," ಎಂದು ಒಬ್ಬ ಶುರುಮಾಡಿದ. ಹಾರ್ಮ್ ಮಗಳನ್ನು ತಬ್ಬಿಕೊಂಡು ಸಮಾಧಾನ ಹೇಳಿದ: "ಚೆಂಡೇ ಕೊಡ್ಲಿಲ್ಲ ಮಗಾ ನಿಂಗೆ. ಬೇಜಾರು ಮಾಡ್ಕೋಬೇಡ, ಮುಂದಿನ್ಸಲ ಕೊಡ್ತಾರೆ."

"ಬೇಜಾರಿಲ್ಲ ಅಪ್ಪಾ," ಎಂದಳು. ನಿಜಕ್ಕೂ ಇರಲಿಲ್ಲ. ಬದುಕಿನಲ್ಲಿ ಅಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ, ಅದನ್ನು ಯಾರಿಗೆ ಹೇಳುವುದೆಂದು ಸುತ್ತ ನೋಡಿದಳು. ಲೂವಾನ್ ಬಸ್ಸಿನ ಬಳಿ ಇರಲಿಲ್ಲ. ಒಳಗೆ ಹೋಗಿ ನೋಡಿದರೆ, ಪ್ರೇಕ್ಷಕರು ಎದ್ದುಹೋಗಿ ಖಾಲಿಯಾದ ಮೆಟ್ಟಿಲುಗಳ ಮೇಲೆ ಒಬ್ಬಳೇ ಕೂತು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆರ್ಲಿಸ್ ಹೆದರಿ ಅವಳತ್ತ ಓಡಿದಳು.

"ಲೇ, ಏನಾಯ್ತೇ? ಎಲ್ಲಾದ್ರೂ ತಪ್ಪಿದ್ನಾ?"

"ತಪ್ಪೇನೂ ಇಲ್ಲ, ಕೂತ್ಕೋ." ಲೂವಾನ್ ಮೂಗು ಒರೆಸಿಕೊಂಡಳು. "ನಾಲ್ಕು ವರ್ಷ ಆಡ್ದೆ ಕಣೇ. ಆಡೋವಾಗ ನನ್ನ ಆಟ ನಂಗೆ ಕಾಣ್ತಿರ್ಲಿಲ್ಲ, ಕಂಡೋರು ಯಾರೂ ಬಂದು ಹೇಳ್ಲೂ ಇಲ್ಲ. ಇವತ್ತೇ ನಾನು ಕೂತು ನೋಡಿದ್ದು. ಎಷ್ಟು ಚೆಂದ ಇತ್ತಲ್ಲೇ ಅದು!"