ಮಡಿಲಕ್ಕಿ ಹೊತ್ತು ಶಿವಗಂಗೆಗೆ

ಮದುವೆಯಾದ ಹೊಸದರಲ್ಲಿ ಗಂಡಂದಿರು ಹೆಂಡತಿಗೆ ಮಲ್ಲಿಗೆ ಹೂವು ತರುತ್ತಾರೆ, ಮೈಸೂರುಪಾಕು ತರುತ್ತಾರೆ. ನಮ್ಮವರು ಒಂದು ಸಂಜೆ ರೈಲಿಳಿದು ಬಂದಾಗ ಲಾರಿಯ ಹಳೇ ಟಾರ್ಪಾಲಿನಲ್ಲಿ ಹೊಲಿಸಿದ ಬೆನ್ನುಚೀಲ ತಂದರು. ಅದೂ ನನಗಲ್ಲ, ತಮಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ದೊಡ್ಡಬಳ್ಳಾಪುರದಲ್ಲಿ ಹಗಲೆಲ್ಲ ಮಗ್ಗದ ಸದ್ದು ಕೇಳುವ ಬೀದಿಯೊಂದರಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ನಮ್ಮವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಬೆಳಿಗ್ಗೆ ರೈಲು ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಭಾನುವಾರವಾದರೂ ಕೈಗೆ ಸಿಗುತ್ತಾರೆ ಅಂದುಕೊಂಡರೆ ಸ್ನೇಹಿತರ ಜೊತೆ ಬೆಟ್ಟ ಹತ್ತಲು ಹೊರಟುಬಿಡುತ್ತಿದ್ದರು.

ಆ ಚೀಲದ ಹಿಂದೆ ದೊಡ್ಡ ಯೋಜನೆಯೇ ಇತ್ತು. ಚಳಿಗಾಲದಲ್ಲಿ ಅವರ ತಂಡ ರಾಜಸ್ಥಾನಕ್ಕೆ ಹೋಗಿ ಮರಳುಗಾಡಿನ ಅಂಚಿನ ಬೆಟ್ಟಗಳಲ್ಲಿ ಎರಡು ವಾರ ನಡೆಯುವುದು, ಗಂಟುಮೂಟೆಯೆಲ್ಲ ಬೆನ್ನ ಮೇಲೆ. ರಾತ್ರಿ ಊಟಕ್ಕೆ ಕೂತು ಅದನ್ನು ವಿವರಿಸುತ್ತ, ತಟ್ಟೆಯಲ್ಲೇ ಅನ್ನದ ಬೆಟ್ಟ ಕಟ್ಟಿ, ಬೆರಳಿನಿಂದ ದಾರಿ ಕೊರೆದು ತೋರಿಸಿದರು. ನಾನು ದೊಡ್ಡಬಳ್ಳಾಪುರದ ಪಕ್ಕದ ಮಧುರೆ ಕಡೆಯ ರೈತರ ಮನೆಯವಳು. ಅಲ್ಲಿಯವರೆಗೆ ನಾನು ಹೋಗಿದ್ದ ದೂರದ ಊರೆಂದರೆ ತಿರುಪತಿ, ಅಲ್ಲಿಯೂ ಮುಂದೆ ನಿಂತವರ ಬೆನ್ನು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಆ ಅನ್ನದ ಬೆಟ್ಟ ನನ್ನ ತಲೆಯಲ್ಲಿ ಕೂತುಬಿಟ್ಟಿತು.

“ನಾನೂ ಬರ್ತೀನಿ,” ಅಂದೆ.

ಅವರು ನಕ್ಕರು. ನಾನು ನಗಲಿಲ್ಲ. ಮಾರನೆಯ ದಿನ ಮಾತಾಡಲೂ ಇಲ್ಲ. ನಾನು ಮುನಿಸಿಕೊಂಡರೆ ಸಾರಿಗೆ ಉಪ್ಪು ಹಾಕುವುದು ಮರೆತುಹೋಗುತ್ತದೆ. ಆ ವಾರ ಕಳೆಯುವುದರೊಳಗೆ ನಮ್ಮವರು ತಂಡದ ನಾಯಕರನ್ನೇ ಮನೆಗೆ ಕರೆದುಕೊಂಡು ಬಂದರು.

ನಾಯಕರು ಅದೇ ಕಾರ್ಖಾನೆಯ ಫೋರ್‌ಮನ್. ಐವತ್ತರ ಹತ್ತಿರದ ಬ್ರಹ್ಮಚಾರಿ. ನಗುವನ್ನು ರೇಷನ್ ಅಂಗಡಿಯ ಸಕ್ಕರೆಯ ಹಾಗೆ ಅಳೆದು ಕೊಡುವವರು. ನಾನು ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಕೈತೊಳೆದು ಬಂದು ಕೂತು ತಮ್ಮ ನಿಯಮ ಹೇಳಿದರು.

“ನೋಡಮ್ಮ, ಅಲ್ಲಿ ನೀರು ಕಮ್ಮಿ, ನೆರಳಿಲ್ಲ, ಬರೀ ಕಲ್ಲು. ಬೇಸಿಗೇಲಿ ನಮ್ಮ ಬೆಟ್ಟಗಳೂ ಹೆಚ್ಚುಕಮ್ಮಿ ಹಾಗೇ ಇರ್ತವೆ. ಮಾಕಳಿ ಬೆಟ್ಟದಿಂದ ಶಿವಗಂಗೆವರೆಗೂ ಮೂರು ದಿನ ನಡೀರಿ, ನಾನೂ ಬರ್ತೀನಿ. ನಿಮ್ಮ ಹೊರೆ ನೀವೇ ಹೊರಬೇಕು. ಗಂಡನ ಕೈಗೆ ಕೊಟ್ರೆ ಮುಗೀತು, ಗಾಡಿ ಹತ್ತಿದ್ರೂ ಮುಗೀತು. ಮೂರನೇ ದಿನ ಕತ್ತಲಾಗೋದ್ರೊಳಗೆ ಶಿವಗಂಗೆ ಬುಡ ಮುಟ್ಟಿದ್ರೆ ನಿಮಗೂ ಟಿಕೆಟ್ ಮಾಡಿಸ್ತೀನಿ.”

ದಾರಿಯಲ್ಲಿ ಸಾಮಾನು ಎಸೆದು ಹಗುರ ಮಾಡಿಕೊಳ್ಳುವವರನ್ನು ಹಿಡಿಯಲು ಅವರ ಹತ್ತಿರ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯೂ ಇತ್ತು. ಹೊರಡುವಾಗ ತೂಗುವುದು, ಮುಟ್ಟಿದ ಮೇಲೆ ಮತ್ತೆ ತೂಗುವುದು. ತಿಂದು ಖಾಲಿಯಾದ ಅವಲಕ್ಕಿಗೆ ಮಾತ್ರ ವಿನಾಯಿತಿ. ನನಗೂ ಒಂದು ಚೀಲ ಹೊಲಿಸಿದ್ದಾಯಿತು. ಅದರೊಳಗೆ ರಾಗಿ ತುಂಬಿಕೊಂಡು ದಿನಾ ಹಿತ್ತಲಲ್ಲಿ ಸುತ್ತು ಹಾಕಿದೆ. ಪಕ್ಕದ ಮನೆಯವರು ನಮ್ಮಲ್ಲಿ ಗಂಡ ಹೆಂಡತಿ ಜಗಳ ಶುರುವಾಗಿದೆ ಅಂದುಕೊಂಡರಂತೆ.

ಯುಗಾದಿ ಕಳೆದ ಮೇಲೆ ಹೊರಟೆವು. ಮಾಕಳಿಯಲ್ಲಿ ರೈಲಿಳಿದು ಬೆಟ್ಟ ಹತ್ತಿ ಆಚೆ ಇಳಿಯುವಷ್ಟರಲ್ಲಿ ಬಿಸಿಲೇರಿತ್ತು. ಕಾವಲಿಯಂತೆ ಕಾದ ಬಂಡೆ, ಅದರ ಸಂದಿನಲ್ಲಿ ಒಣಹುಲ್ಲು, ಎಲ್ಲೋ ಒಂದು ಜಾಲಿ. ಸೀರೆಯನ್ನು ಎತ್ತಿ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದ್ದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆದರೂ ಬೆಟ್ಟದ ನೆತ್ತಿಯಲ್ಲಿ ನಿಂತು ಮುಂದಿನ ಬೆಟ್ಟ, ಅದರ ಹಿಂದಿನದು, ಅದರ ಹಿಂದಿನದು ಎಂದು ನೋಡಿದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಈ ಭೂಮಿ ಇಷ್ಟು ದೊಡ್ಡದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬೆಟ್ಟ ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ತೊಂದರೆ ಬಂದದ್ದು ಊರುಗಳಿಂದ. ಮೊದಲನೆಯ ಊರಿನಲ್ಲಿ ನೀರು ಕೇಳಲು ಒಂದು ಮನೆಯ ಮುಂದೆ ನಿಂತೆವು. ಆ ಮನೆಯ ಹೆಂಗಸು ನೀರಿನ ಜೊತೆ ಬೆಲ್ಲವನ್ನೂ ತಂದು ಕೊಟ್ಟು ವಿಚಾರಿಸಿದಳು.

“ಬಸ್ಸು ತಪ್ಪೋಯ್ತೇನವ್ವಾ?”

“ಇಲ್ಲ, ಶಿವಗಂಗೆಗೆ ನಡ್ಕೊಂಡೇ ಹೋಗ್ತಿದೀವಿ.”

“ಹರಕೆಯಾ?”

“ಹರಕೆ ಅಲ್ಲ. ಸುಮ್ನೆ.”

ಸುಮ್ಮನೆ ಎನ್ನುವುದು ಆಕೆಗೆ ಅರ್ಥವಾಗಲಿಲ್ಲ. ಆದರೆ ನನ್ನ ಕತ್ತಿನಲ್ಲಿದ್ದ ಅರಿಶಿನದ ದಾರ ಅರ್ಥವಾಯಿತು. ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ಸಲ ಮನೆಬಾಗಿಲಿಗೆ ಬಂದಿದ್ದಾಳೆ, ಬರಿಗೈಯಲ್ಲಿ ಹೇಗೆ ಕಳಿಸುವುದು? ಒಳಗೆ ಕೂರಿಸಿ, ಕುಂಕುಮ ಇಟ್ಟು, ಸೆರಗು ಒಡ್ಡಿಸಿ, ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ವೀಳ್ಯದೆಲೆ ಹಾಕಿ ಮಡಿಲು ತುಂಬಿದಳು. ಮಡಿಲಕ್ಕಿಯ ಕಟ್ಟುಪಾಡು ನಮ್ಮ ಕಡೆ ಬಲು ಬಿಗಿ. ಬೇಡ ಅನ್ನುವಂತಿಲ್ಲ, ದಾರಿಯಲ್ಲಿ ಬಿಟ್ಟು ಹೋಗುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಅದನ್ನು ಮನೆಗೆ ಒಯ್ದು ನನ್ನ ಒಲೆಯ ಮೇಲೇ ಬೇಯಿಸಬೇಕು. ಹೊರಗೆ ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿದೆ. ನಮ್ಮವರು ತೆಂಗಿನಕಾಯಿಗೆ ಕೈ ಚಾಚಿದರು. ಫೋರ್‌ಮನ್ ಕೆಮ್ಮಿದರು. ನಮ್ಮವರು ಕೈ ಹಿಂದಕ್ಕೆ ತೆಗೆದುಕೊಂಡರು.

ಮುಂದಿನ ಊರಿನಲ್ಲೂ ಇದೇ ಆಯಿತು, ಅದರ ಮುಂದಿನ ಊರಿನಲ್ಲೂ ಇದೇ. ಊರು ತಪ್ಪಿಸಿ ಹೋಗೋಣವೆಂದರೆ ನೀರಿಗೆ ಬಾವಿಯ ಹತ್ತಿರ ಹೋಗಲೇಬೇಕು, ಬಾವಿಯ ಹತ್ತಿರ ಹೆಂಗಸರು ಇದ್ದೇ ಇರುತ್ತಾರೆ. ಗಂಡಸರಿಬ್ಬರೂ ತಮ್ಮ ಅವಲಕ್ಕಿ ತಿಂದು ತಿಂದು ಹಗುರಾಗುತ್ತಿದ್ದರು. ನಾನು ಹೋದಲ್ಲೆಲ್ಲ ಭಾರವಾಗುತ್ತಿದ್ದೆ. ಒಂದು ಊರಿನಲ್ಲಂತೂ ಒಬ್ಬ ಅಜ್ಜಿ ನನ್ನ ಬೆನ್ನಿನ ಚೀಲವನ್ನು ಮುಟ್ಟಿ ನೋಡಿ ನಮ್ಮವರ ಕಡೆ ತಿರುಗಿದಳು.

“ಅಲ್ಲಾ ಕಣಪ್ಪಾ, ಧಾರೆ ನೀರು ಇನ್ನೂ ಆರಿಲ್ಲ, ಆಗ್ಲೇ ಈ ಮಗೀಗೆ ಮೂಟೆ ಹೊರ್ಸಿದೀಯಲ್ಲ. ನಿಂಗೇನು ಕೈ ಇಲ್ವಾ?”

ನಮ್ಮವರು ಫೋರ್‌ಮನ್ನರ ಮುಖ ನೋಡಿದರು. ಫೋರ್‌ಮನ್ ಬೆಟ್ಟ ನೋಡಿದರು. ಆ ಅಜ್ಜಿಯೂ ಸುಮ್ಮನೆ ಬಿಡಲಿಲ್ಲ, ನನ್ನ ಮಡಿಲಿಗೆ ಎರಡು ಕಾಯಿ ಹಾಕಿದಳು.

ಎರಡನೆಯ ದಿನ ಸಂಜೆ ದಾರಿಯಲ್ಲೇ ಸಿಗುವ ನನ್ನ ತವರು ಮುಟ್ಟಿದೆವು. ರಾತ್ರಿ ಅಲ್ಲೇ ತಂಗುವುದೆಂದು ಮೊದಲೇ ಮಾತಾಗಿತ್ತು. ಮಗಳು ಅಳಿಯ ಬರುತ್ತಾರೆ ಎಂದು ಅವ್ವನಿಗೆ ಹೇಳಿ ಕಳಿಸಿದ್ದೆ. ಹೇಗೆ ಬರುತ್ತೇವೆ ಎಂದು ಹೇಳಿರಲಿಲ್ಲ. ಅವ್ವ ಬೀದಿಯ ತುದಿಯಲ್ಲೇ ನಮ್ಮನ್ನು ಕಂಡಳು. ಚೀಲ, ಶೂ, ಎತ್ತಿ ಸಿಕ್ಕಿಸಿದ ಸೀರೆ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ, ಮಾತಿಲ್ಲದೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಊಟದ ಹೊತ್ತಿನಲ್ಲಿ ನಮ್ಮವರು ರಾಜಸ್ಥಾನದ ವಿಷಯ ತೆಗೆದರು. ಅವ್ವ ಅವರ ಮುದ್ದೆಗೆ ಇನ್ನೊಂದು ಸೌಟು ಸೊಪ್ಪಿನ ಸಾರು ಬಿಟ್ಟು, “ಉಣ್ಣಿ ಅಳಿಯಂದ್ರೇ,” ಅಂದಳು. ಅವ್ವ ಕೂಗಾಡಿದರೆ ನನಗೆ ಭಯವಿಲ್ಲ. ಸುಮ್ಮನಿದ್ದರೇ ಭಯ.

ಬೆಳಿಗ್ಗೆ ರೊಟ್ಟಿ ತಿಂದು ಮೂವರೂ ಸಿದ್ಧರಾದೆವು. ಅಪ್ಪ ಈ ವ್ಯವಹಾರಕ್ಕೆ ತಲೆ ಹಾಕದೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದರು. ನಾನು ದೇವರ ಮನೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ತವರಿನಿಂದ ಹೆಣ್ಣು ಹೊರಡಬೇಕಾದರೆ ತಾಯಿ ಮಡಿಲು ತುಂಬಬೇಕು. ತುಂಬದೆ ಹೊರಟ ಹೆಣ್ಣನ್ನು ನಮ್ಮೂರಿನಲ್ಲಿ ನಾನು ಕಂಡಿಲ್ಲ, ಕೇಳಿಲ್ಲ. ಅವ್ವ ಮೊರ ತೆಗೆದುಕೊಂಡು ಬಂದಳು. ನಾನು ಸೆರಗು ಒಡ್ಡಿದೆ. ಅವಳು ನನ್ನನ್ನು ದಾಟಿ ಹಿತ್ತಲಿಗೆ ಹೋಗಿ ಹುರುಳಿ ಕೇರಲು ಕೂತಳು.

“ಅವ್ವಾ, ಹೊತ್ತಾಗ್ತದೆ.”

“ಹೋಗೋರು ಹೋಗ್ಲಿ. ನಾನು ಯಾರನ್ನೂ ಕಳಿಸ್ತಾ ಇಲ್ಲ. ಮಡಿಲು ತುಂಬೋ ವಯಸ್ಸಲ್ಲಿ ಬೆನ್ನು ತುಂಬ್ಕೊಂಡು ಕಾಡು ಸುತ್ತೋದಂತೆ.”

ನನಗೆ ಕೋಪ ನೆತ್ತಿಗೇರಿತು. ದಾರಿಯುದ್ದಕ್ಕೂ ಗುರುತಿಲ್ಲದವರೆಲ್ಲ ಬೇಡ ಬೇಡವೆಂದರೂ ತುಂಬಿದರು, ಬೇಕು ಎಂದಾಗ ಹೆತ್ತವಳು ಕೊಡುತ್ತಿಲ್ಲ. ಚೀಲ ಬೆನ್ನಿಗೇರಿಸಿ ಹೊಸಲಿನವರೆಗೂ ಹೋದೆ. ದಾಟಲು ಕಾಲು ಬರಲಿಲ್ಲ. ವಾಪಸು ಬಂದು ಚೀಲದ ಸಮೇತ ಜಗಲಿಯ ಮೇಲೆ ಕೂತೆ. ಬಿಸಿಲು ಅಂಗಳಕ್ಕೆ ಇಳಿಯುತ್ತಿತ್ತು. ಶಿವಗಂಗೆ ಇನ್ನೂ ದಿನದ ದಾರಿ. ನನಗೆ ಆ ಮರಳುಗಾಡಿನ ಬೆಟ್ಟವೂ ಬೇಕಾಗಿತ್ತು, ಅವ್ವನೂ ಬೇಕಾಗಿದ್ದಳು. ಒಂದನ್ನು ಬಿಡು ಅಂದರೆ ಯಾವುದನ್ನು ಬಿಡಲಿ ಎಂದು ಅಳು ಬಂತು.

ಫೋರ್‌ಮನ್ ಗಡಿಯಾರ ನೋಡಿಕೊಂಡರು. ನಮ್ಮವರ ಮುಖ ನೋಡಿದರು. ಕೊನೆಗೆ ಹಿತ್ತಲ ಬಾಗಿಲಿಗೆ ಹೋಗಿ, ಬಹಳ ಮರ್ಯಾದೆಯಿಂದಲೇ ಅವ್ವನಿಗೆ ಹೇಳಿದರು.

“ಬೇಜಾರು ಮಾಡ್ಕೋಬೇಡಿ ಅಮ್ಮ, ನೀವು ಮಾಡ್ತಿರೋದು ಸರಿಯಾಗೇ ಇದೆ. ಮೊದಲಿನಿಂದ್ಲೂ ನನಗೆ ಅದೇ ಅನ್ನಿಸ್ತಿತ್ತು. ಹೆಣ್ಣುಮಕ್ಕಳಿಗೆ ಇದು ಆಗಲ್ಲ. ಅವರು ಇಲ್ಲೇ ಇರ್ಲಿ, ನಾವಿಬ್ರು ಹೊರಡ್ತೀವಿ.”

ಮೊರದ ಸದ್ದು ನಿಂತಿತು.

“ಏನಂದ್ರಿ?”

“ಅವರಿಗೆ ಆಗಲ್ಲ ಅಂದೆ.”

ಅವ್ವ ಮೊರ ಕೆಳಗಿಟ್ಟು ಎದ್ದು ನಿಂತಳು. “ನಾನು ಕಳಿಸಲ್ಲ ಅನ್ನೋದು ಬೇರೆ, ಅವಳಿಗಾಗಲ್ಲ ಅನ್ನೋದು ಬೇರೆ. ಆ ಗುಡ್ಡದಿಂದ ಈ ಮನೆಗೆ ಹುಲ್ಲು ಹೊತ್ತೋರು ಯಾರು ಅಂದ್ಕೊಂಡ್ರಿ? ನೀವಾ?”

ಫೋರ್‌ಮನ್ ತಮ್ಮ ಜೀವಮಾನದಲ್ಲಿ ಅಷ್ಟು ಬೇಗ ಯಾವ ಬಾಗಿಲಿನಿಂದಲೂ ಹಿಂದಕ್ಕೆ ಸರಿದಿರಲಾರರು. ಆಗಲ್ಲ ಅಂದದ್ದು ಅವ್ವನನ್ನು ಕೆಣಕಲು ಹೂಡಿದ ಉಪಾಯವಿರಬೇಕು ಎಂದು ನಮ್ಮವರು ಬಹಳ ಕಾಲ ನಂಬಿದ್ದರು. ಎಷ್ಟೋ ವರ್ಷದ ಮೇಲೆ ನಾನೇ ಕೇಳಿದೆ. “ಉಪಾಯ ಎಂಥದಮ್ಮ, ನಿಜವಾಗ್ಲೂ ಆಗಲ್ಲ ಅಂದ್ಕೊಂಡಿದ್ದೆ,” ಅಂದರು.

ಅವ್ವ ದಡಬಡನೆ ಒಳಗೆ ಹೋಗಿ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಬೊಗಸೆ ಬೊಗಸೆ ಅಕ್ಕಿ, ಕಾಯಿ, ಬೆಲ್ಲ, ಹೊಸ ರವಿಕೆ ಕಣ, ಏನಿದೆಯೋ ಎಲ್ಲ ಸೆರಗಿಗೆ ಸುರಿದಳು. ಅದನ್ನು ತುಂಬಿಸಲು ನನ್ನ ಚೀಲ ಎತ್ತಿದವಳು ಹಾಗೇ ನಿಂತಳು. ಬಾಯಿ ಬಿಚ್ಚಿ ಒಳಗೆ ನೋಡಿದಳು. ಬೇರೆ ಬೇರೆ ಬಟ್ಟೆಯ ಗಂಟುಗಳು, ತೆಂಗಿನಕಾಯಿಗಳು.

“ಇದೆಲ್ಲ ಯಾರು ಕೊಟ್ಟಿದ್ದು?”

“ದಾರೀಲಿ. ಒಬ್ಬೊಬ್ಬರು.”

ಅವ್ವ ನನ್ನ ರವಿಕೆ ಸರಿಸಿ ಹೆಗಲು ನೋಡಿದಳು. ಪಟ್ಟಿ ಒತ್ತಿ ಕೆಂಪಾಗಿತ್ತು. ಎಣ್ಣೆ ಸವರಿದಳು. ಆಮೇಲೆ ನನ್ನ ಸೆರಗಿನಿಂದ ಕಾಯಿ ತೆಗೆದಳು, ಬೆಲ್ಲ ತೆಗೆದಳು, ಅಕ್ಕಿಯನ್ನೂ ಮೊರಕ್ಕೆ ವಾಪಸು ಹಾಕಿ ಒಂದೇ ಒಂದು ಹಿಡಿ ಉಳಿಸಿದಳು.

“ಇಷ್ಟು ಹೊತ್ಕೊಂಡೋಗು. ಬಾಕಿದು ಇಲ್ಲೇ ಇರ್ತದೆ. ಆ ದೇಶಕ್ಕೆಲ್ಲ ಹೋಗ್ಬಿಟ್ಟು ಬಂದು ತಗೋ.”

ಆ ದಿನ ನಾನು ನಡೆದ ನಡಿಗೆ ನೆನೆದರೆ ನನಗೇ ನಂಬಿಕೆ ಬರುವುದಿಲ್ಲ. ಸೂರ್ಯ ಬೆಟ್ಟದ ಹಿಂದೆ ಜಾರುತ್ತಿದ್ದ ಹೊತ್ತಿಗೆ ಶಿವಗಂಗೆಯ ಬುಡದಲ್ಲಿ ಚೀಲ ಇಳಿಸಿದೆ. ಫೋರ್‌ಮನ್ ತಕ್ಕಡಿಯ ಕೊಕ್ಕೆಗೆ ಅದನ್ನು ಸಿಕ್ಕಿಸಿ ಎತ್ತಿದರು. ಮುಳ್ಳು ಕೊನೆಯವರೆಗೂ ಹೋಗಿ ನಿಂತಿತು. ತಕ್ಕಡಿ ಇಳಿಸಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

“ಸ್ವೆಟರ್ ಇದೆಯೇನಮ್ಮ ನಿಮ್ಮತ್ರ? ಮರಳುಗಾಡಲ್ಲಿ ರಾತ್ರಿ ಹೊತ್ತು ಚಳಿ ಜಾಸ್ತಿ.”

ನಮ್ಮವರು ಎರಡೂ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ಓಡಿದರು. ಮೂರು ದಿನದಿಂದ ತಡೆದಿಟ್ಟುಕೊಂಡಿದ್ದ ಆಸೆ ಅದು, ಪಾಪ.

ಚಳಿಗಾಲದಲ್ಲಿ ರಾಜಸ್ಥಾನಕ್ಕೆ ಹೋದೆವು. ಅಲ್ಲಿಯ ಬೋಳು ಬೆಟ್ಟ, ಅದರಾಚೆಯ ಮರಳು, ಒಂಟೆಗಳ ಸಾಲು ಎಲ್ಲವನ್ನೂ ಕಣ್ತುಂಬ ನೋಡಿದೆ. ಎರಡು ವಾರ ನನ್ನ ಚೀಲಕ್ಕೆ ಇನ್ನೊಬ್ಬರ ಕೈ ಸೋಕಿಸಲಿಲ್ಲ. ವಾಪಸು ಬಂದ ವಾರವೇ ತವರಿಗೆ ಹೋದೆ. ಒಂಟೆಯ ಕತೆ ಹೇಳಲು ಬಾಯಿ ತೆರೆದರೆ ಅವ್ವನಿಗೆ ಅದು ಬೇಕಾಗಿರಲಿಲ್ಲ.

“ನಿನ್ನ ಹೊರೆ ನೀನೇ ಹೊತ್ಯಾ?”

“ಹೂಂ.”

“ನಿಂಗಾಗಲ್ಲ ಅಂದ್ರಲ್ಲ, ಆ ಗಡಿಯಾರದೋರು ನೋಡಿದ್ರಾ?”

“ನೋಡಿದ್ರು.”

ಅವ್ವ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದಳು. ಮನೆಯಲ್ಲಿ ಹಂಡೆ ತುಂಬ ನೀರಿತ್ತು. ಬಾವಿಕಟ್ಟೆ ನಮ್ಮ ಹಿತ್ತಲಿಗೆ ಹತ್ತಿರ, ಅಲ್ಲಿಯ ಮಾತೆಲ್ಲ ಕೇಳಿಸುತ್ತದೆ. ಮಗಳು ಅಷ್ಟು ದೂರ ಮೂಟೆ ಹೊತ್ತುಕೊಂಡು ಹೋಗಿದ್ದಳಂತೆ, ಯಾರು ಕಳಿಸಿದ್ದು ಎಂದು ಯಾರೋ ಕೊಂಕಾಗಿ ಕೇಳಿದರು.

“ಯಾರು ಕಳಿಸ್ತಾರೆ,” ಅಂದಳು ಅವ್ವ. “ನಾನೇ ಕಳಿಸಿದ್ದು.”